ಒಂಬೈನೂರ ಇಪ್ಪತ್ತು ಸುತ್ತು

ಹಗಲೆಲ್ಲ ಊರವರ ಮೋಟಾರು ಸುತ್ತುತ್ತೇನೆ,
ಹಾಸನದ ಬಿ.ಎಂ. ರಸ್ತೆಯ ತಗಡಿನಂಗಡಿಯಲ್ಲಿ.
ಸುಟ್ಟ ವಾರ್ನಿಷಿನ ವಾಸನೆ ಸೀರೆಗೆ ಹತ್ತಿ
ಸಿಟಿ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ.
ಕಿಟಕಿ ಸೀಟು ಸಿಗುತ್ತದೆ.

ಇದೊಂದು ಮಾತ್ರ ನನ್ನದು.
ಅಡ್ವಾನ್ಸ್ ಇಲ್ಲ, ರಶೀದಿ ಇಲ್ಲ,
‘ನಾಳೆ ನೀರು ಬಿಡ್ಬೇಕು ಕಣಕ್ಕಾ’ ಎನ್ನುವವರಿಲ್ಲ.
ಅಡುಗೆಕಟ್ಟೆಯ ಮೇಲೆ ಕಬ್ಬಿಣದ ಹಾಳೆಗಳ ಕಟ್ಟು,
ಪಕ್ಕದಲ್ಲೇ ನೆನೆಹಾಕಿದ ಹೆಸರುಕಾಳು.
ವೋಲ್ಟಿಗೆ ನಾಲ್ಕು ಸುತ್ತು,
ಇನ್ನೂರ ಮೂವತ್ತಕ್ಕೆ ಒಂಬೈನೂರ ಇಪ್ಪತ್ತು.

ಆರುನೂರ ಹದಿಮೂರರಲ್ಲಿ ಸಿಲಿಂಡರಿನವನು ಬಂದ.
ಚಿಲ್ಲರೆ ಎಣಿಸಿಕೊಟ್ಟೆ.
ಆ ಎಣಿಕೆ ಈ ಎಣಿಕೆಯನ್ನು ನುಂಗಿತು.
ಬಿಚ್ಚಿದೆ. ಮತ್ತೆ ಒಂದರಿಂದ.
ಈ ಸಲ ಬಾಗಿಲಿಗೆ ಚಿಲಕ,
ಫೋನು ಅಕ್ಕಿ ಡಬ್ಬದೊಳಗೆ.

ಆಚೆಗೆ ಇಪ್ಪತ್ನಾಲ್ಕು, ಈಚೆಗೆ ಇಪ್ಪತ್ನಾಲ್ಕು,
ನಡುವೆ ಸೊನ್ನೆ.

ಇನಾಯತುಲ್ಲಾ ಸಾಹೇಬರು
ಪೆನ್ಷನ್ ಮೊಹಲ್ಲಾದಿಂದ ನಡೆದೇ ಬಂದರು.
ರೇಡಿಯೋ ರಿಪೇರಿ ಅಂಗಡಿ ಮುಚ್ಚಿ ಹನ್ನೊಂದು ವರ್ಷ.
ಬಿಸ್ಕತ್ತಿನ ಡಬ್ಬದಲ್ಲಿ ನಾಲ್ಕು ಟ್ರಾನ್ಸಿಸ್ಟರು,
ಉಕ್ಕಿನ ಟೋಪಿ ಹಾಕಿಕೊಂಡು ಮಲಗಿದ್ದವು.
‘ಎಷ್ಟು ಕಷ್ಟ ಬಂದರೂ ಮಾರಲಿಲ್ಲ ಇವನ್ನ’ ಎಂದರು.
ತುಸು ಹೊತ್ತು ಬಿಟ್ಟು,
‘ಯಾರೂ ಕೇಳಲೂ ಇಲ್ಲ ಅನ್ನಮ್ಮ.’

ಅಭ್ರಕದ ಹಾಳೆಗೆ ಬಿಳಿ ಮುಲಾಮು ಸವರಿದೆ,
ಎಲೆಗೆ ಸುಣ್ಣ ಸವರುವ ಹದದಲ್ಲಿ.
ಅಲ್ಲಿ ಹೆಚ್ಚಾದರೆ ನಾಲಿಗೆ ಸುಡುತ್ತದೆ,
ಇಲ್ಲಿ ಕಡಿಮೆಯಾದರೆ ಟ್ರಾನ್ಸಿಸ್ಟರು.
ಗುಜರಿಯಲ್ಲಿ ತೂಕಕ್ಕೆ ತಂದ ಅಲ್ಯುಮಿನಿಯಂ ರೆಕ್ಕೆಗಳ ಮೇಲೆ
ನಾಲ್ಕನ್ನೂ ತಿರುಪು ಹಾಕಿ ಕೂರಿಸಿದೆ.

ಮೊದಲ ಕರೆಂಟು ಕೊಡುವಾಗ
ದಾರಿಯಲ್ಲಿ ನೂರು ವ್ಯಾಟಿನ ಬಲ್ಬೊಂದನ್ನು ಕಾವಲಿಟ್ಟೆವು.
ಧಗ್ಗನೆ ಉರಿದೇ ಇದ್ದರೆ ಎಲ್ಲೋ ಶಾರ್ಟು.
ಒಮ್ಮೆ ಮಿನುಗಿ ಮಂಕಾದರೆ ಕ್ಷೇಮ.
ದೀಪ ಆರಿತು ಅನ್ನಬಾರದು,
ಶಾಂತವಾಯಿತು ಅನ್ನು, ಎನ್ನುತ್ತಿದ್ದಳು ಅವ್ವ.
ಶಾಂತವಾಗು ಶಾಂತವಾಗು ಎಂದು
ನಾನು ದೀಪವೊಂದನ್ನು ಬೇಡಿಕೊಂಡದ್ದು
ಆ ಒಂದು ಸಂಜೆ.

ಆಯಿತು.

ಸ್ಪೀಕರು ಜೋಡಿಸಿ ಏನನ್ನೂ ಹಾಕದೆ ಕೂತೆವು.
ಏನೂ ಕೊಡದಾಗ ಏನೂ ಆಡಬಾರದು.
ಪರೀಕ್ಷೆ ಶುರುವಾಗುವುದೇ ಅಲ್ಲಿಂದ.
‘ಸದ್ದೇ ಇಲ್ಲ ಸಾಬ್ರೇ’ ಎಂದೆ, ಹೆಮ್ಮೆಯಿಂದ.
ಅವರಿಗೆ ಕಿವಿ ಮುಕ್ಕಾಲು ಹೋಗಿದೆ.
ಮಾತಾಡದೆ ಕೋನಿನ ಕಪ್ಪು ಕಾಗದಕ್ಕೆ
ಎರಡು ಬೆರಳಿಟ್ಟರು, ಮಗುವಿನ ಜ್ವರ ನೋಡುವಂತೆ.
‘ಗುಂಯ್ ಅಂತಿದೆಯಲ್ಲಮ್ಮ.’

ಹತ್ತೊಂಬತ್ತು ವರ್ಷ ಮೋಟಾರುಗಳ ನಡುವೆ ಕೂತವಳು.
ಸೆಕೆಂಡಿಗೆ ಐವತ್ತು ಸಲ ನಡುಗುವ ಆ ಗುಂಯ್
ಕಿವಿಯೊಳಗೇ ಬಾಡಿಗೆ ಕೊಡದೆ ಬಿಡಾರ ಹೂಡಿತ್ತು.
ನಾನು ಅದನ್ನೇ ಮೌನ ಅಂದುಕೊಂಡಿದ್ದೆ.

ಸೊನ್ನೆಯನ್ನು ಎರಡು ಕಡೆ ಕಟ್ಟಿದ್ದೆ, ಅದೇ ತಪ್ಪು.
ಒಂದೇ ಮನೆಯಲ್ಲಿ ಎರಡು ಸೊನ್ನೆಗಳಿದ್ದರೆ
ನಡುವೆ ಗೊಣಗಾಟ ತಪ್ಪುವುದಿಲ್ಲ.
ಮಾರನೆಯ ಸಂಜೆ ಒಂದು ತಂತಿ ಕಿತ್ತು
ಎಲ್ಲವನ್ನೂ ಒಂದೇ ಬೋಲ್ಟಿನ ಕೆಳಗೆ ತಂದೆ.
ಬೆಸುಗೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು.

ಆಮೇಲೆ ಕೇಳಿತು
ಗೋಡೆಯಾಚೆ ಸಾಕಮ್ಮ ಮೊಮ್ಮಗನಿಗೆ ಹೇಳಿಸುವ ಮಗ್ಗಿ,
ಹದಿಮೂರೇಳಲಿ ತೊಂಬತ್ತೊಂದು.
ಪಾತ್ರೆಯಿಂದ ಹೆಸರುಕಾಳಿಗೆ ಜಾರಿದ ಒಂದು ಹನಿ.
ನನ್ನದೇ ಉಸಿರು, ಸ್ವಲ್ಪ ಸೀಟಿಯ ಹಾಗೆ.
ಡಾಕ್ಟರಿಗೆ ತೋರಿಸಬೇಕು.

ರೇಡಿಯೋ ಕೊಟ್ಟೆ. ಹಾಸನ ಸ್ಟೇಷನ್.
ಹಾಡು ಬಂದೀತು ಅಂದುಕೊಂಡಿದ್ದೆ;
ಬಂದದ್ದು ಪೇಟೆ ಧಾರಣೆ.
ಆಲೂಗಡ್ಡೆ, ಕ್ವಿಂಟಾಲಿಗೆ...
ರೇಟು ಹೇಳುವ ಮೊದಲು ಓದುವವನು
ಎಳೆದುಕೊಂಡ ಉಸಿರು ಕೂಡ
ಅಡುಗೆಮನೆಗೆ ಬಂದು ನಿಂತಿತು.

ಸಾಹೇಬರು ಅಂಗೈ ಪೂರಾ ಕೋನಿಗಿಟ್ಟು
ಕಣ್ಣು ಮುಚ್ಚಿ ಓದಿಕೊಂಡರು.
‘ಹೆಣ್ಣುಮಗಳು. ಚೆನ್ನಾಗಿ ಓದ್ತಾಳೆ.’
ಗಂಡಸಾಗಿತ್ತು.
ನಾನು ತಿದ್ದಲಿಲ್ಲ.
ಬಲಗಡೆಯ ಚಾನೆಲ್ ಇನ್ನೂ ಬಾಕಿ,
ನಾಳೆಯೂ ಅವರು ಬರಬೇಕು.